ಕಾಯಿಲೆಯ ಹೆಸರು ಕೇಳಿ ಬರುವ ಆರೈಕೆ

ನಮ್ಮ ದೊಡ್ಡಮ್ಮ ಇರುವುದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಅಡಿಕೆ ಒಣಗಿಸುವ ಒಂದು ಅಂಗಳ ಅಷ್ಟೇ. ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಯಜಮಾನರಿಗೆ ಬಾಯಿ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಕರೆಂಟ್ (ರೇಡಿಯೇಷನ್) ಕೊಟ್ಟಿದ್ದೂ ಆಯಿತು, ಆಮೇಲೆ ಮತ್ತೆ ಬಂತು. ಇನ್ನು ವಾಸಿ ಆಗುವುದಿಲ್ಲ ಎಂದು ಗೊತ್ತಾದಾಗ ಆ ಆಸ್ಪತ್ರೆಯವರು ಅವರನ್ನು ಸುಮ್ಮನೆ ಮನೆಗೆ ಕಳಿಸಲಿಲ್ಲ. ಉಪಶಮನ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ಸಂಕಟ ಇಳಿಸುವ ಆರೈಕೆಯ ವಿಭಾಗಕ್ಕೆ ಕಳಿಸಿದರು. ಅಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರಂತೆ. ಮಾರ್ಫಿನ್ ಮಾತ್ರೆ ಕೊಟ್ಟರು, ಯಾವ ಹೊತ್ತಿಗೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಗಾಯ ವಾಸನೆ ಬರದ ಹಾಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹೇಗೆ ಉದುರಿಸಬೇಕು ಎಂದು ತೋರಿಸಿದರು. ಒಂದು ಫೋನ್ ನಂಬರ್ ಕೊಟ್ಟರು. ಅವರ ಹೆಂಡತಿ ನನ್ನ ಹತ್ತಿರ ಹೇಳಿದ್ದು ನೆನಪಿದೆ: "ಆ ಮಾತ್ರೆ ಶುರುವಾದ ಮೇಲೆ ಇವ್ರೂ ನಿದ್ದೆ ಮಾಡಿದ್ರು, ನಾನೂ ಮಾಡ್ದೆ." ಯಜಮಾನರು ತೀರಿಹೋಗಿದ್ದು ಮನೆಯಲ್ಲೇ, ಹೆಚ್ಚು ನರಳದೆ.

ಅದೇ ಹೊತ್ತಿನಲ್ಲಿ ಅಂಗಳದ ಈಚೆ ನಮ್ಮ ದೊಡ್ಡಮ್ಮ ಮಂಚದ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ದಿಂಬಿನ ಮೇಲೆ ಇನ್ನೊಂದು, ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಕೈ, ಕೈ ಮೇಲೆ ತಲೆ. ಶ್ವಾಸಕೋಶ ಹಾಳಾಗಿದೆ, ಸಿ.ಒ.ಪಿ.ಡಿ., ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ಕಾಯಿಲೆ, ಅಂತ ಡಾಕ್ಟರು ಹೇಳಿ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯವರಿಗೆ ಸಿಕ್ಕಿದ ಆ ಮಾತುಕತೆ, ಆ ಚೀಟಿ, ಆ ಫೋನ್ ನಂಬರ್ ಯಾವುದೂ ದೊಡ್ಡಮ್ಮನಿಗೆ ಸಿಕ್ಕಿರಲಿಲ್ಲ. ಸಿಗಬಹುದು ಎಂದು ನಮಗೆ ಯಾರೂ ಹೇಳಿರಲೂ ಇಲ್ಲ. ಇಬ್ಬರದ್ದೂ ವಾಸಿಯಾಗದ ಕಾಯಿಲೆ. ಇಬ್ಬರಿಗೂ ದಿನವಿಡೀ ಸಂಕಟ. ದೊಡ್ಡಮ್ಮನದ್ದು ಇನ್ನೂ ಉದ್ದದ ಸಂಕಟ. ಹಾಗಿದ್ದೂ ಒಂದು ಮನೆಗೆ ಬಂದ ಆರೈಕೆ ಇನ್ನೊಂದು ಮನೆಗೆ ಯಾಕೆ ಬರಲಿಲ್ಲ? ಈ ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ. ಅದನ್ನೇ ಇಲ್ಲಿ ಬರೆದು ನೋಡುತ್ತಿದ್ದೇನೆ.

"ಬೀಡಿ ಸೇದ್ತಿದ್ರಾ?"

ದೊಡ್ಡಮ್ಮನನ್ನು ಮೊದಲು ನೋಡಿದ ಡಾಕ್ಟರು ಕೇಳಿದ್ದು ಇದನ್ನೇ. ಇಲ್ಲ, ಅವರು ಬೀಡಿ ಮುಟ್ಟಿದವರಲ್ಲ. ಆದರೆ ಹೊಗೆ ಕುಡಿದಿದ್ದಾರೆ, ನಲವತ್ತು ಐವತ್ತು ವರ್ಷ. ಮಲೆನಾಡಿನ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ಬಚ್ಚಲ ಒಲೆ, ಆಮೇಲೆ ಅಡುಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆ. ಮಳೆಗಾಲದಲ್ಲಿ ಹಸಿ ಸೌದೆ. ಬಾಗಿಲು ಹಾಕಿದ ಅಡುಗೆಮನೆ, ಹೆಂಚಿನ ಸಂದಿಯಲ್ಲಿ ಹೋದಷ್ಟು ಹೋಯಿತು, ಉಳಿದಿದ್ದು ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಬಹಳ ಮನೆಗಳಿಗೆ ಬಂತು. ಚಿಮಣಿ ಇದ್ದ ಕಾರಣ ಹೊಗೆ ಎಷ್ಟೋ ಕಡಿಮೆ. ದೊಡ್ಡಮ್ಮನ ಮನೆಗೂ ಬಂತು, ಆದರೆ ಅಷ್ಟರಲ್ಲಿ ಅವರ ಆಯುಸ್ಸಿನ ದೊಡ್ಡ ಪಾಲು ಹೊಗೆ ಒಳಗೆ ಹೋಗಿತ್ತು. ಈಗ ಗ್ಯಾಸ್ ಇದೆ. ಬಚ್ಚಲ ಒಲೆ ಮಾತ್ರ ಇನ್ನೂ ಸೌದೆಯದ್ದೇ.

ನಮ್ಮ ದೇಶದಲ್ಲಿ ಸಾವಿಗೆ ಕಾರಣವಾಗುವ ಕಾಯಿಲೆಗಳಲ್ಲಿ ಹೃದಯದ ಕಾಯಿಲೆ ಬಿಟ್ಟರೆ ಮುಂದಿನ ಸಾಲಿನಲ್ಲೇ ಇರುವುದು ಈ ಸಿ.ಒ.ಪಿ.ಡಿ. ಆದರೂ ಊರಲ್ಲಿ ಇದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಅಜ್ಜಿಗೆ ದಮ್ಮು" ಅನ್ನುತ್ತಾರೆ, "ವಯಸ್ಸಾಯ್ತಲ್ಲ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕ್ಯಾನ್ಸರ್ ಅಂದ ಕೂಡಲೆ ಊರಿಗೆ ಊರೇ ನೋಡಲು ಬರುತ್ತದೆ. ದಮ್ಮಿನವರನ್ನು ನೋಡಲು ಯಾರೂ ಬರುವುದಿಲ್ಲ. ಅವರು ಜಗಲಿಯಲ್ಲೇ ಕೂತಿರುತ್ತಾರೆ, ಎಲ್ಲರಿಗೂ ಕಾಣುತ್ತಾರೆ, ಹಾಗಾಗಿಯೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಉಸಿರು ಸಿಗದೇ ಇರುವುದು ಎಂಥದ್ದು ಎಂದು ಒಮ್ಮೆ ದೊಡ್ಡಮ್ಮನನ್ನು ಕೇಳಿದ್ದೆ. ಅವರು ಎರಡು ಮಾತಿಗೊಮ್ಮೆ ನಿಂತು, ಉಸಿರು ಎಳೆದುಕೊಂಡು ಹೇಳಿದರು: "ನಂಗೆ ಸಾಯೋದ್ರ ಹೆದ್ರಿಕೆ ಇಲ್ಲ ಮಾರಾಯ್ತಿ. ಉಸ್ರು ಸಿಗದೆ ಒದ್ದಾಡ್ತಾ ಸಾಯ್ತೀನೇನೋ ಅಂತ ಹೆದ್ರಿಕೆ. ದಿನಾ ರಾತ್ರಿ ಅದೇ." ನೋವಿಗೆ ಮಾತ್ರೆ ಇದೆ ಎಂದು ಎಲ್ಲರಿಗೂ ಗೊತ್ತು. ಈ ಹೆದರಿಕೆಗೂ ಏನಾದರೂ ಮಾಡಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೊನೆ ಎಲ್ಲಿ ಎಂದು ತಿಳಿಯದ ಕಾಯಿಲೆ

ನಾನು ಡಾಕ್ಟರಲ್ಲ. ಆದರೆ ದೊಡ್ಡಮ್ಮನ ನೆಪದಲ್ಲಿ ಓದಿದ್ದು, ಕೇಳಿದ್ದು ಸ್ವಲ್ಪ ಇದೆ. ನೋವು ಕಡಿಮೆ ಮಾಡುವ ಈ ಉಪಶಮನ ಆರೈಕೆ ಈಗಿನ ರೂಪದಲ್ಲಿ ಶುರುವಾಗಿದ್ದೇ ಕ್ಯಾನ್ಸರ್ ರೋಗಿಗಳಿಂದ. ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಮನೆ, ತೆರೆದರು. ಅವರು ಮೊದಲು ನರ್ಸು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರು. ನೋವು ಬರೀ ಮೈಯದ್ದಲ್ಲ, ಮನಸ್ಸಿನದ್ದೂ ಇರುತ್ತದೆ, ಸಂಸಾರದ್ದೂ ಇರುತ್ತದೆ, ನಂಬಿಕೆಯದ್ದೂ ಇರುತ್ತದೆ ಎಂದು ಅವರು ಹೇಳುತ್ತಿದ್ದರು. ಮೂರೂ ಕೆಲಸ ಮಾಡಿದವರಿಗೆ ಅದು ಕಂಡಿದ್ದು ಸಹಜವೇ. ನಮ್ಮ ದೇಶದಲ್ಲಿ 1986ರಲ್ಲಿ ಮುಂಬೈಯಲ್ಲಿ ಶಾಂತಿ ಅವೇದನಾ ಸದನ ಎಂಬ ಹಾಸ್ಪಿಸ್ ಶುರುವಾಯಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಇದರ ಜೊತೆಗೆ ಜನರ ಮನಸ್ಸಿನಲ್ಲಿ ಒಂದು ವಿಷಯ ಕೂತುಬಿಟ್ಟಿತು. ಇದು ಕ್ಯಾನ್ಸರಿನವರಿಗೆ, ಅದೂ ಕೊನೆಯ ಕೆಲವು ವಾರಗಳಿಗೆ, ಅಂತ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆಯೇ ಹೇಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ಶೇಕಡಾ 14ರಷ್ಟು ಜನರಿಗೆ. ಬೇಕಾದ ದೊಡ್ಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯವರು ಶೇಕಡಾ 38.5, ಕ್ಯಾನ್ಸರಿನವರು ಶೇಕಡಾ 34, ದೀರ್ಘಕಾಲದ ಉಸಿರಾಟದ ಕಾಯಿಲೆಯವರು ಶೇಕಡಾ 10.3. ಅಂದರೆ ಈ ಸಾಲಿನಲ್ಲಿ ಮೊದಲು ನಿಂತಿರುವವರು ಕ್ಯಾನ್ಸರಿನವರೇ ಅಲ್ಲ.

ಹಾಗಾದರೆ ದೊಡ್ಡಮ್ಮನಂಥವರು ಯಾಕೆ ಬಿಟ್ಟುಹೋಗುತ್ತಾರೆ? ನನಗೆ ಅನ್ನಿಸುವ ಮುಖ್ಯ ಕಾರಣ ಕಾಯಿಲೆ ಹೋಗುವ ದಾರಿಯಲ್ಲೇ ಇದೆ. ಕ್ಯಾನ್ಸರಿನಲ್ಲಿ ಬಹಳ ಸಲ ಮನುಷ್ಯ ಒಂದು ಹಂತದವರೆಗೆ ಓಡಾಡಿಕೊಂಡಿರುತ್ತಾನೆ, ಆಮೇಲೆ ಬೇಗ ಬೇಗ ಇಳಿಯುತ್ತಾನೆ. ಇಳಿಯುವುದು ಮನೆಯವರಿಗೂ ಕಾಣುತ್ತದೆ, ಡಾಕ್ಟರಿಗೂ ಕಾಣುತ್ತದೆ. "ಇನ್ನು ಔಷಧಿ ಸಾಕು, ನೋವು ನೋಡಿಕೊಳ್ಳೋಣ" ಎಂದು ಹೇಳಲು ಒಂದು ದಿನ ಸಿಗುತ್ತದೆ. ದಮ್ಮಿನಲ್ಲಿ, ಹೃದಯ ಸೋತವರಲ್ಲಿ, ಕಿಡ್ನಿ ಸೋತವರಲ್ಲಿ ಅಂಥ ದಿನ ಬರುವುದೇ ಇಲ್ಲ. ಮಳೆಗಾಲದಲ್ಲಿ ನೆಗಡಿಯಾಯಿತು, ಕಫ ಕಟ್ಟಿತು, ಆಸ್ಪತ್ರೆಗೆ ಸೇರಿಸಿದರು, ಇನ್ನು ಉಳಿಯುವುದಿಲ್ಲ ಅಂದುಕೊಂಡೆವು, ವಾರದಲ್ಲಿ ಎದ್ದು ಕೂತು ಗಂಜಿ ಕೇಳಿದರು. ಮನೆಗೆ ಬಂದರು. ಆದರೆ ಮೊದಲಿದ್ದಷ್ಟು ಆಗಲಿಲ್ಲ. ಮೊದಲು ಅಂಗಳದವರೆಗೆ ನಡೆಯುತ್ತಿದ್ದವರು ಈಗ ಜಗಲಿಯವರೆಗೆ. ಮುಂದಿನ ಸಲ ಬಂದಾಗ ಕೋಣೆಯವರೆಗೆ. ಪ್ರತಿ ಸಲ ಒಂದು ಮೆಟ್ಟಿಲು ಕೆಳಗೆ, ಆದರೆ ಪ್ರತಿ ಸಲವೂ ಉಳಿದರು. ಹೀಗೆ ಉಳಿಯುತ್ತಾ ಬಂದವರ ಬಗ್ಗೆ ಕೊನೆಯ ಮಾತು ಆಡಲು ಯಾವ ಡಾಕ್ಟರಿಗೆ ಬಾಯಿ ಬರುತ್ತದೆ? ಮನೆಯವರಿಗಂತೂ ಬರುವುದೇ ಇಲ್ಲ.

ಅದಕ್ಕೇ ಅನ್ನಿಸುವುದು, ಈ ಆರೈಕೆಯನ್ನು ಕೊನೆಗೆ ಕಟ್ಟಿ ಹಾಕಿದ್ದೇ ತಪ್ಪು. ಕೊನೆ ಯಾವಾಗ ಎಂದು ಗೊತ್ತಾಗುವವರೆಗೆ ಕಾಯುತ್ತೇವೆ ಅಂದರೆ ಈ ಕಾಯಿಲೆಗಳವರಿಗೆ ಅದು ಎಂದೂ ಸಿಗುವುದಿಲ್ಲ. ಇನ್ಹೇಲರ್ ನಡೆಯಲಿ, ಆಂಟಿಬಯಾಟಿಕ್ ನಡೆಯಲಿ, ಆಸ್ಪತ್ರೆಯೂ ನಡೆಯಲಿ. ಅದರ ಜೊತೆಗೇ ಸಂಕಟ ನೋಡುವ ಕೆಲಸವೂ ನಡೆಯಬೇಕು. ಎರಡೂ ಒಟ್ಟಿಗೆ ನಡೆಯಬಹುದು ಎನ್ನುವುದಕ್ಕೆ ಬಹಳ ಜನ ಹೇಳುವ ಉದಾಹರಣೆ ಬೋಸ್ಟನ್ನಿನದ್ದು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರಲ್ಲಿ ಅರ್ಧ ಜನರಿಗೆ ಚಿಕಿತ್ಸೆಯ ಜೊತೆ ಶುರುವಿನಿಂದಲೇ ಈ ಆರೈಕೆ ಕೊಟ್ಟು ನೋಡಿದರು. ಫಲ 2010ರಲ್ಲಿ ಪ್ರಕಟವಾಯಿತು. ಅವರ ದಿನಗಳು ಮೇಲಾದವು, ಖಿನ್ನತೆ ಕಡಿಮೆಯಾಯಿತು, ಬದುಕಿದ್ದೂ ಜಾಸ್ತಿ: 8.9 ತಿಂಗಳಿಗೆ ಬದಲು 11.6 ತಿಂಗಳು. ಉಸಿರಾಟದ ತೊಂದರೆಯವರದ್ದೇ ಒಂದು ಅಧ್ಯಯನ 2014ರಲ್ಲಿ ಲಂಡನ್ನಿನಿಂದ ಬಂತು. ಸಿ.ಒ.ಪಿ.ಡಿ., ಹೃದಯದ ಕಾಯಿಲೆ, ಕ್ಯಾನ್ಸರ್ ಹೀಗೆ ಬೇರೆ ಬೇರೆ ಕಾರಣಕ್ಕೆ ಏದುಸಿರು ಇದ್ದ 105 ಜನರನ್ನು ತೆಗೆದುಕೊಂಡಿದ್ದರು. ಶ್ವಾಸಕೋಶದ ಡಾಕ್ಟರು, ಉಪಶಮನದ ಡಾಕ್ಟರು, ಫಿಸಿಯೊಥೆರಪಿಯವರು ಎಲ್ಲ ಸೇರಿ ನೋಡಿಕೊಂಡವರಿಗೆ ಆರು ವಾರದಲ್ಲಿ ತಮ್ಮ ಉಸಿರಿನ ಮೇಲೆ ಒಂದು ಹಿಡಿತ ಬಂದಿತ್ತು.

"ನಿಮಗೆ ಅತೀ ಕಷ್ಟ ಅನ್ನಿಸೋದು ಯಾವುದಮ್ಮ?"

ಪಕ್ಕದ ಮನೆಯವರ ಹತ್ತಿರ ಇದ್ದ ಆ ಹಳೆಯ ಫೋನ್ ನಂಬರಿಗೆ ಫೋನ್ ಮಾಡಿದವರು ನಮ್ಮ ಅತ್ತಿಗೆ, ಅಂದರೆ ದೊಡ್ಡಮ್ಮನ ಸೊಸೆ. "ನಮ್ಮ ಅತ್ತೆಗೆ ಕ್ಯಾನ್ಸರ್ ಅಲ್ಲ, ದಮ್ಮು. ನೋಡ್ತೀರಾ?" ಎಂದು ನೇರವಾಗಿ ಕೇಳಿದರು. ಆಚೆಯಿಂದ ಇಲ್ಲ ಅನ್ನಲಿಲ್ಲ. ಜಿಲ್ಲಾ ಕೇಂದ್ರದ ಕಡೆಯಿಂದ ಒಬ್ಬ ನರ್ಸ್ ಬಂದರು, ಜೊತೆಗೆ ಇನ್ನೂ ಎಳೆ ವಯಸ್ಸಿನ ಒಬ್ಬ ಡಾಕ್ಟರು. ನಾನು ಆ ದಿನ ಅಲ್ಲಿದ್ದೆ.

ಅವರು ಫೈಲು ಕೇಳಲಿಲ್ಲ. ಮೊದಲು ಮಂಚದ ಪಕ್ಕ ಕೂತರು. ಡಾಕ್ಟರು ಕೇಳಿದರು: "ಅಮ್ಮ, ಎಲ್ಲಾ ಕಷ್ಟಗಳಲ್ಲಿ ನಿಮಗೆ ಅತೀ ಕಷ್ಟ ಅನ್ನಿಸೋದು ಯಾವುದು?" ನಾವೆಲ್ಲ ಉಸಿರು ಅಂತ ಹೇಳುತ್ತಾರೆ ಅಂದುಕೊಂಡಿದ್ದೆವು. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತಿಗೆ ಕಡೆ ನೋಡಿದರು. ಆಮೇಲೆ ಹೇಳಿದರು: "ರಾತ್ರಿ ಬಚ್ಚಲಿಗೆ ಹೋಗೋದು. ಇವ್ಳನ್ನ ಎಬ್ಬಿಸ್ಬೇಕು. ದಿನಾ ಮೂರ್ನಾಕು ಸಲ ಎಬ್ಬಿಸ್ಬೇಕು. ಅದ್ಕೇ ಸಂಜೆಯಿಂದ ನೀರು ಕುಡಿಯೋದೇ ಬಿಟ್ಟಿದೀನಿ." ಅತ್ತಿಗೆಗೆ ಈ ವಿಷಯ ಗೊತ್ತೇ ಇರಲಿಲ್ಲ. ನೀರು ಬಿಟ್ಟರೆ ಕಫ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಕೆಮ್ಮಿದರೂ ಬರುವುದಿಲ್ಲ, ಉಸಿರು ಇನ್ನೂ ಕಷ್ಟ. ಇಷ್ಟು ವರ್ಷ ತೋರಿಸಿದ ಆಸ್ಪತ್ರೆಗಳ ಕಾಗದದಲ್ಲಿ ರಕ್ತ, ಎಕ್ಸ್-ರೇ, ಊದಿಸಿ ನೋಡುವ ಪರೀಕ್ಷೆ ಎಲ್ಲದರ ಲೆಕ್ಕ ಇತ್ತು. ಸಂಜೆ ಮೇಲೆ ನೀರು ಕುಡಿಯುವುದಿಲ್ಲ ಎನ್ನುವುದು ಎಲ್ಲೂ ಇರಲಿಲ್ಲ. ಕೇಳಿದರೆ ತಾನೆ ಬರೆಯುವುದು?

ಅದಕ್ಕೆ ಅವರು ಹೇಳಿದ ಮದ್ದು ಒಂದು ಕಮೋಡ್ ಕುರ್ಚಿ. ಮಂಚದ ಪಕ್ಕದಲ್ಲೇ ಇಡುವಂಥದ್ದು. ಬಚ್ಚಲಲ್ಲಿ ಸ್ನಾನಕ್ಕೆ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು. ಸ್ನಾನವಾದ ಮೇಲೆ ಮೈ ಒರೆಸಲು ಕೈ ಎತ್ತಿದರೆ ದಮ್ಮು ಬರುತ್ತದೆ, ಹಾಗಾಗಿ ದೊಡ್ಡ ಟವೆಲ್ ಹೊದ್ದು ಸುಮ್ಮನೆ ಕೂರುವುದು, ಮೈ ತಾನೇ ಒಣಗುತ್ತದೆ. ನೈಟಿಗೆ ಮುಂದೆ ಗುಂಡಿ. ಇದನ್ನೆಲ್ಲ ಕೇಳಿದಾಗ ಇಷ್ಟು ಸಣ್ಣ ವಿಷಯಕ್ಕೆ ಡಾಕ್ಟರು ಬೇಕಾ ಅನ್ನಿಸಬಹುದು. ಆದರೆ ಉಸಿರಿಲ್ಲದವರ ದಿನ ಇಂಥ ಕೆಲಸಗಳಲ್ಲೇ ಖರ್ಚಾಗುತ್ತದೆ. ಸ್ನಾನಕ್ಕೆ ಹೋದ ಉಸಿರು ಮಧ್ಯಾಹ್ನದ ಊಟಕ್ಕೆ ಉಳಿದಿರುವುದಿಲ್ಲ.

ಆಮೇಲೆ ನರ್ಸ್ ಉಸಿರಾಡುವುದನ್ನು ಹೇಳಿಕೊಟ್ಟರು. ಮೂಗಿನಲ್ಲಿ ಎಳೆದುಕೊಂಡು, ತುಟಿ ಚೂಪು ಮಾಡಿ, ಎಳೆದಿದ್ದಕ್ಕಿಂತ ಜಾಸ್ತಿ ಹೊತ್ತು ಮೆಲ್ಲಗೆ ಬಿಡುವುದು. ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗುತ್ತದೆ, ಹೊಸ ಗಾಳಿಗೆ ಜಾಗವಾಗುತ್ತದೆ. "ಊದುಗೊಳವೆಯಲ್ಲಿ ಒಲೆ ಊದ್ತೀರಲ್ಲ, ಹಾಗೆ. ಆದ್ರೆ ಬೆಂಕಿ ಹೊತ್ಕೊಳ್ಳಬಾರದು, ಅಷ್ಟು ಮೆಲ್ಲಗೆ" ಅಂದರು. ದೊಡ್ಡಮ್ಮ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು, ಆದರೂ ನಕ್ಕರು. ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈ ಊರಿ ಕೂರುವುದನ್ನು ಅವರು ಆಗಲೇ ತಾವಾಗಿ ಕಂಡುಕೊಂಡಿದ್ದರು. ಅದು ಸರಿಯಾದ ಭಂಗಿಯೇ ಎಂದು ನರ್ಸ್ ಹೇಳಿದಾಗ ಅವರ ಮುಖದಲ್ಲಿ ಒಂದು ಗೆಲುವು ಇತ್ತು.

ಇನ್ನೊಂದು, ಬೀಸಣಿಗೆ. ಮುಖಕ್ಕೆ, ಮೂಗಿನ ಹತ್ತಿರಕ್ಕೆ ತಣ್ಣನೆಯ ಗಾಳಿ ಬಡಿದರೆ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ. ಮುಖದ ನರದ ಮೂಲಕ ಮಿದುಳಿಗೆ ಗಾಳಿ ಬರುತ್ತಿದೆ ಎಂಬ ಸುದ್ದಿ ಹೋಗುತ್ತದೆ. ಇದನ್ನು ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ದೊಡ್ಡಮ್ಮ ಯಾವಾಗಲೂ ಕಿಟಕಿ ಪಕ್ಕವೇ ಬೇಕು ಎಂದು ಹಠ ಮಾಡುತ್ತಿದ್ದರು, ಚಳಿಯಲ್ಲೂ. ಅದು ಹಠವಲ್ಲ ಎಂದು ಅವತ್ತು ಎಲ್ಲರಿಗೂ ಅರ್ಥವಾಯಿತು. ಈಗ ದಿಂಬಿನ ಪಕ್ಕ ಅಡಿಕೆ ಹಾಳೆಯ ಬೀಸಣಿಗೆ ಒಂದು, ಸೆಲ್ ಹಾಕುವ ಪುಟ್ಟ ಫ್ಯಾನ್ ಒಂದು ಇದೆ. ದಮ್ಮು ಹತ್ತಿದಾಗ ಕೈಗೆ ಸಿಗುವ ಹಾಗೆ ಏನೋ ಒಂದು ಇದೆ ಎನ್ನುವುದೇ ಅರ್ಧ ಹೆದರಿಕೆ ಇಳಿಸುತ್ತದೆ. ಉಸಿರು ಸಿಗದಿದ್ದರೆ ಹೆದರಿಕೆ, ಹೆದರಿದರೆ ಉಸಿರು ಇನ್ನೂ ಜೋರು. ಈ ಸುತ್ತು ಎಲ್ಲಿ ತುಂಡಾದರೂ ಲಾಭವೇ.

ಆಕ್ಸಿಜನ್ ಮಿಷನ್ನಿನ ಬಗ್ಗೆಯೂ ಅವರು ಹೇಳಿದ್ದನ್ನು ಬರೆಯಬೇಕು. ದಮ್ಮಿನ ರೋಗಿ ಇರುವ ಎಷ್ಟೋ ಮನೆಗಳಲ್ಲಿ ಇದರ ಗೊಂದಲ ಇದೆ. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಆಕ್ಸಿಜನ್ ಪ್ರಮಾಣ ಶೇಕಡಾ 88 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗಿಂತ ಜಾಸ್ತಿ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ. ಇದು ಎಂಬತ್ತರ ದಶಕದ ಶುರುವಿನಿಂದಲೇ ಗೊತ್ತಿರುವ ವಿಷಯ. ಆದರೆ ಆಕ್ಸಿಜನ್ ಸಾಕಷ್ಟು ಇದ್ದೂ ಏದುಸಿರು ಬರುವವರಿಗೆ ಅದರಿಂದ ವಿಶೇಷ ಲಾಭ ಇಲ್ಲ. ಅಂಥ 239 ಜನರಿಗೆ ಮೂಗಿನ ನಳಿಕೆಯಲ್ಲಿ ಕೆಲವರಿಗೆ ಆಕ್ಸಿಜನ್, ಕೆಲವರಿಗೆ ಮಾಮೂಲಿ ಗಾಳಿ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಇನ್ನೊಂದು ಮುಖ್ಯ ವಿಷಯ, ದಮ್ಮು ಜಾಸ್ತಿಯಾಯಿತು ಎಂದು ಗಾಬರಿಯಾಗಿ ಮಿಷನ್ನನ್ನು ನಿಮಿಷಕ್ಕೆ ಎರಡು ಲೀಟರಿನಿಂದ ಐದಕ್ಕೆ ತಿರುಗಿಸಬಾರದು. ಈ ಕಾಯಿಲೆಯವರಿಗೆ 88ರಿಂದ 92ರ ನಡುವೆ ಇದ್ದರೆ ಸಾಕು. ಜಾಸ್ತಿ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹಿಡಿಯುತ್ತದೆ, ಜೀವಕ್ಕೂ ಅಪಾಯ. ದೇವರ ದೀಪ, ಒಲೆ, ಊದುಬತ್ತಿ ಯಾವುದೂ ಆ ನಳಿಕೆಯ ಹತ್ತಿರ ಇರಬಾರದು.

ಮತ್ತೆ ನಮ್ಮ ಮಲೆನಾಡಿನದ್ದೇ ತೊಂದರೆ, ಕರೆಂಟು. ಜೂನ್ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೊಂದು ಸಲ ಎರಡು ದಿನ ಇಲ್ಲ. ಮಿಷನ್ ನಿಂತುಹೋಗುತ್ತದೆ. ಮನೆಯ ಸಣ್ಣ ಯುಪಿಎಸ್‌ನಲ್ಲಿ ಅದನ್ನು ಬಹಳ ಹೊತ್ತು ಓಡಿಸಲು ಆಗುವುದಿಲ್ಲ. ಇದನ್ನು ಯಾವ ದೊಡ್ಡ ಆಸ್ಪತ್ರೆಯೂ ಕೇಳಿರಲಿಲ್ಲ. ಈ ನರ್ಸ್ ಮನೆಗೆ ಬಂದವರೇ ಮೀಟರ್ ಬೋರ್ಡ್ ನೋಡಿ ಕೇಳಿದರು: "ಕರೆಂಟ್ ಹೋದ್ರೆ ಏನು ಮಾಡ್ತೀರಿ?" ಈಗ ಒಂದು ಸಿಲಿಂಡರ್ ತಂದಿಟ್ಟಿದ್ದೇವೆ. ನಿಮಿಷಕ್ಕೆ ಎರಡು ಲೀಟರಿನಂತೆ ಸುಮಾರು 12 ಗಂಟೆ ಬರುತ್ತದೆ. ಅಷ್ಟರೊಳಗೆ ಕರೆಂಟ್ ಬರದಿದ್ದರೆ ಯಾರಿಗೆ ಫೋನ್, ಯಾರ ಜೀಪು, ಎಲ್ಲಾ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಮಾರ್ಫಿನ್ ಬಗ್ಗೆ

ಪಕ್ಕದ ಮನೆಯವರಿಗೆ ನಿದ್ದೆ ಕೊಟ್ಟ ಮಾತ್ರೆ ದೊಡ್ಡಮ್ಮನಿಗೂ ಆಗುತ್ತದಾ ಎಂದು ಅತ್ತಿಗೆ ಕೇಳಿದರು. ಡಾಕ್ಟರ ಉತ್ತರ ನನಗೆ ಹಿಡಿಸಿತು, ಯಾಕೆಂದರೆ ಅದರಲ್ಲಿ ಆಸೆ ತೋರಿಸುವುದೂ ಇರಲಿಲ್ಲ, ಹೆದರಿಸುವುದೂ ಇರಲಿಲ್ಲ. ಮಾರ್ಫಿನ್ ಕೊಟ್ಟರೆ ಉಸಿರು ನಿಂತುಬಿಡುತ್ತದೆ ಎಂದು ಬಹಳ ಡಾಕ್ಟರುಗಳೂ ನಂಬಿದ್ದಾರೆ. ಕಡಿಮೆ ಪ್ರಮಾಣದಲ್ಲಿ, ನೋಡಿಕೊಂಡು ಕೊಟ್ಟರೆ ಹಾಗಾಗುವುದಿಲ್ಲ. ಏದುಸಿರಿಗೆ ಅದು ಲಾಭ ಕೊಡುತ್ತದೆ ಎಂದು ಹಿಂದಿನ ಅಧ್ಯಯನಗಳು ಹೇಳಿದ್ದವು. ಆದರೆ 2022ರಲ್ಲಿ ಸಿ.ಒ.ಪಿ.ಡಿ. ರೋಗಿಗಳ ಮೇಲೇ ಮಾಡಿದ ಪರೀಕ್ಷೆಯಲ್ಲಿ ಒಂದು ವಾರದ ಮಾರ್ಫಿನ್ನಿಗೂ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. "ಈಗ ಬೇಡ. ಬೀಸಣಿಗೆ, ಉಸಿರಾಟ, ಕೂರುವ ರೀತಿ ಎಲ್ಲ ಮಾಡೋಣ. ಮುಂದೆ ಏನು ಮಾಡಿದ್ರೂ ಸಂಕಟ ಇಳಿಯದಿದ್ರೆ ಆಗ ಸ್ವಲ್ಪ ಕೊಟ್ಟು ನೋಡೋಣ. ಒದ್ದಾಡೋಕೆ ಬಿಡಲ್ಲ" ಅಂದರು. ಆ ಕೊನೆಯ ಮಾತನ್ನು ದೊಡ್ಡಮ್ಮ ಮತ್ತೆ ಕೇಳಿ ಹೇಳಿಸಿಕೊಂಡರು.

ಮುಂದೆ ಬೇಕಾದಾಗ ಅದು ಸಿಗುತ್ತದಾ ಎನ್ನುವುದು ಬೇರೆ ಪ್ರಶ್ನೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುವ ದೇಶ ನಮ್ಮದು. ಮಾರ್ಫಿನ್ ಬರುವುದು ಅದರಿಂದಲೇ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಬೇಕಾದ ಲೈಸೆನ್ಸುಗಳ ಕಾಟಕ್ಕೆ ಹೆದರಿ ಆಸ್ಪತ್ರೆಗಳು, ಮೆಡಿಕಲ್ ಸ್ಟೋರುಗಳು ಅದರ ತಂಟೆಗೇ ಹೋಗಲಿಲ್ಲ. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯುವುದನ್ನು ಕಲಿಯದೇ ಪಾಸಾದರು. 2014ರಲ್ಲಿ ತಿದ್ದುಪಡಿ ಬಂತು. ಈಗ ಮಾರ್ಫಿನ್ ಸೇರಿ ಆರು ಔಷಧಿಗಳಿಗೆ ಮಾನ್ಯತೆ ಪಡೆದ ಆಸ್ಪತ್ರೆಗೆ ಔಷಧ ನಿಯಂತ್ರಣ ಇಲಾಖೆಯ ಒಂದೇ ಅನುಮತಿ ಸಾಕು. ಕಾನೂನು ಸಡಿಲವಾಯಿತು, ಹೆದರಿಕೆ ಇನ್ನೂ ಸಡಿಲವಾಗಿಲ್ಲ. ಒಂದು ಸ್ಟ್ರಿಪ್ ಮಾತ್ರೆಗೆ ನಮ್ಮ ಕಡೆಯವರು ಇವತ್ತಿಗೂ ತಾಲ್ಲೂಕು ದಾಟಿ ಹೋಗಬೇಕು. ನೋವಿನಲ್ಲಿರುವವರ ಮನೆಯವರು ಬಸ್ಸಿನಲ್ಲಿ ದಿನವಿಡೀ ಕಳೆಯುವುದು ನನಗೆ ಸಹಿಸಲಾಗದ ವಿಷಯ.

ಮುಂದಿನ ಸಲ

ಎರಡನೆಯದೋ ಮೂರನೆಯದೋ ಭೇಟಿಯಲ್ಲಿ ಡಾಕ್ಟರು ಇನ್ನೊಂದು ಮಾತು ಎತ್ತಿದರು. ಅದಕ್ಕೆ ಮೊದಲು ದೊಡ್ಡಮ್ಮನ ಅಪ್ಪಣೆ ಕೇಳಿದರು: "ಮುಂದೆ ಹೇಗೆ ಅಂತ ಸ್ವಲ್ಪ ಮಾತಾಡ್ಬಹುದಾ ಅಮ್ಮ?" ಅಣ್ಣ ಎದ್ದು ಹೊರಗೆ ಹೋದ. ದೊಡ್ಡಮ್ಮ ಅವನನ್ನು ಕರೆಸಿ ಕೂರಿಸಿದರು.

ಹಿಂದಿನ ಸಲ ಐಸಿಯುನಲ್ಲಿ ಮುಖಕ್ಕೆ ಬಿಗಿಯಾಗಿ ಮಾಸ್ಕ್ ಹಾಕಿ ಗಾಳಿ ಕೊಟ್ಟಿದ್ದರು. ಕೈ ಕಟ್ಟಿದ್ದರು, ಯಾಕೆಂದರೆ ಅವರು ಕಿತ್ತು ಹಾಕುತ್ತಿದ್ದರು. ಅದನ್ನು ನೆನೆಸಿಕೊಂಡು ದೊಡ್ಡಮ್ಮ ಹೇಳಿದರು: "ಮಾಸ್ಕ್ ಹಾಕಿ, ತಡ್ಕೊತೀನಿ. ಒಂದೆರಡು ದಿನ ನೋಡಿ. ಗಂಟಲಿಗೆ ಪೈಪ್ ಮಾತ್ರ ಹಾಕ್ಬೇಡಿ. ಹಾಕಿದ್ಮೇಲೆ ತೆಗೆಯೋಕೆ ಇವ್ನ ಕೈಲಿ ಹೇಳೋಕಾಗಲ್ಲ." ಇವ್ನು ಅಂದರೆ ಅಣ್ಣ. ಅವರು ತಮಗಾಗಿ ಮಾತ್ರ ಯೋಚಿಸಿರಲಿಲ್ಲ. ಆ ಕಷ್ಟದ ತೀರ್ಮಾನ ಮಗನ ತಲೆ ಮೇಲೆ ಬೀಳಬಾರದು ಎಂದು ಯೋಚಿಸಿದ್ದರು. ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದರೋ.

ಇದನ್ನು ಕಾಗದದಲ್ಲಿ ಬರೆದಿಡಬಹುದು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪಿನಲ್ಲಿ ಇಂಥ ಮುಂಗಡ ಉಯಿಲಿಗೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕು ಎಂದಿದ್ದ ಕಾರಣ ಅದು ಆಗುವ ಹೋಗುವ ಕೆಲಸವಾಗಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸುಲಭ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ರಾಜ್ಯದಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ಇದು ಯಾರನ್ನೂ ಸಾಯಿಸುವ ಇಂಜೆಕ್ಷನ್ನಿನ ವಿಷಯ ಅಲ್ಲ. ಗುಣವಾಗುವ ಆಸೆ ಇಲ್ಲದಾಗ ಯಂತ್ರದಿಂದ ಎಳೆಯುವುದು ಬೇಡ ಅನ್ನುವ ಹಕ್ಕು ಅಷ್ಟೇ. ಅದನ್ನು ಹೇಳಿದ ಮೇಲೂ ಸಂಕಟ ಇಳಿಸುವ ಆರೈಕೆ ನಿಲ್ಲಬಾರದು, ಜಾಸ್ತಿಯಾಗಬೇಕು.

ಮನೆಯವರು ಕೈಬಿಟ್ಟರು ಎಂದು ಕಾಯಿಲೆಯವರು ಅಂದುಕೊಂಡುಬಿಡುತ್ತಾರೆ ಎನ್ನುವ ಹೆದರಿಕೆಯಿಂದ ಮನೆಗಳಲ್ಲಿ ಈ ಮಾತು ಆಡುವುದಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಉಲ್ಟಾ. ಆ ಮಾತಾದ ಮೇಲೆ ದೊಡ್ಡಮ್ಮ ಹಗುರವಾದರು. ಅಡಿಕೆ ರೇಟು ಕೇಳತೊಡಗಿದರು. ಮೊಮ್ಮಗಳ ಪರೀಕ್ಷೆ ಕೇಳತೊಡಗಿದರು. ಅಣ್ಣನಂತೂ ಅವರ ಮಂಚದ ಪಕ್ಕ ಕೂರುವುದು ಜಾಸ್ತಿಯಾಯಿತು. ಮೊದಲು ಅವನು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದ.

ನಮ್ಮ ಪಕ್ಕದ ರಾಜ್ಯ

ಕೇರಳದಲ್ಲಿ ಈ ಉಪಶಮನ ಆರೈಕೆ ಮನೆಮನೆಗೂ ತಿಳಿದ ವಿಷಯ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರು ಮಾಡಿದ್ದೂ ಕ್ಯಾನ್ಸರ್ ನೋವಿನಿಂದಲೇ. ಆದರೆ ಮನೆಗಳಿಗೆ ಹೋಗತೊಡಗಿದ ಮೇಲೆ ಅವರಿಗೆ ಬೇರೆಯವರೂ ಕಂಡರು. ಲಕ್ವ ಹೊಡೆದವರು, ತೆಂಗಿನ ಮರದಿಂದ ಬಿದ್ದು ಸೊಂಟ ಹೋದವರು, ದಮ್ಮಿನವರು, ಕಿಡ್ನಿಯವರು. ಎದುರಿಗೇ ಮಲಗಿರುವವರಿಗೆ ನಿಮ್ಮದು ಕ್ಯಾನ್ಸರ್ ಅಲ್ಲ ಎಂದು ಹೇಳಿ ಹೋಗುವುದು ಹೇಗೆ? ಹಾಗಾಗಿ ಅದು ಊರಿನವರ ಕೆಲಸವಾಯಿತು. ವಾರಕ್ಕೆ ಒಂದೆರಡು ಗಂಟೆ ಕೊಡುವ ಸ್ವಯಂಸೇವಕರು ತರಬೇತಿ ಪಡೆದು ನೆರೆಹೊರೆಯ ರೋಗಿಗಳನ್ನು ನೋಡಿಕೊಂಡರು. ಊರಿನವರೇ ಸಣ್ಣ ಸಣ್ಣ ಮೊತ್ತ ಕೂಡಿಸಿದರು. 2008ರಲ್ಲಿ ಸರ್ಕಾರ ನೀತಿ ಮಾಡಿತು, ಪಂಚಾಯಿತಿಗಳ ಮೂಲಕ ಮನೆಗೆ ಹೋಗುವ ನರ್ಸ್ ಬಂದರು. ಜನವರಿ 15ನ್ನು ಅಲ್ಲಿ ಇದಕ್ಕೇ ಮೀಸಲಾದ ದಿನವಾಗಿ ಆಚರಿಸುತ್ತಾರೆ.

ಕರ್ನಾಟಕದಲ್ಲೂ 2016ರಲ್ಲಿ ಒಂದು ನೀತಿ ಬಂದಿದೆ. ಬೆಂಗಳೂರಿನಲ್ಲಿ, ದೊಡ್ಡ ಊರುಗಳ ಮೆಡಿಕಲ್ ಕಾಲೇಜುಗಳಲ್ಲಿ ಒಳ್ಳೆಯ ವಿಭಾಗಗಳಿವೆ. ನಮ್ಮ ಹಳ್ಳಿಯವರೆಗೆ ಬಂದಿರುವುದು ಒಂದು ಫೋನ್ ನಂಬರ್, ಅದೂ ಪಕ್ಕದ ಮನೆಯವರು ಜೋಪಾನವಾಗಿ ಇಟ್ಟುಕೊಂಡಿದ್ದ ಕಾರಣಕ್ಕೆ.

ಹೋದ ತಿಂಗಳು ಅತ್ತಿಗೆ ವರ್ಷಗಳ ನಂತರ ತವರಿಗೆ ಹೋಗಿ ಕೆಲವು ದಿನ ಇದ್ದು ಬಂದರು. ಆ ದಿನಗಳಲ್ಲಿ ದೊಡ್ಡಮ್ಮನ ಜೊತೆ ಇದ್ದವಳು ನಾನು. ಒಂದು ಮಧ್ಯಾಹ್ನ ನಮ್ಮ ಆಶಾ ಕಾರ್ಯಕರ್ತೆ ಬಂದಿದ್ದರು. ಇವರ ಹಾಗೆ ಮನೆಯಲ್ಲೇ ಇರುವವರು ಊರಲ್ಲಿ ಇನ್ನೂ ಯಾರಿದ್ದಾರೆ ಎಂದು ಕೇಳಿದೆ. ಅವರು ಯಾವ ಪುಸ್ತಕವನ್ನೂ ತೆಗೆಯಲಿಲ್ಲ. ಮೇಲಿನಮನೆ ಅಜ್ಜಿಗೆ ದಮ್ಮು, ಹೊಳೆಬದಿ ಮನೆಯವರಿಗೆ ಡಯಾಲಿಸಿಸ್, ಶಾಲೆ ಹತ್ತಿರದವರಿಗೆ ಲಕ್ವ ಹೊಡೆದು ಬೆನ್ನಲ್ಲಿ ಹುಣ್ಣು, ಅವರ ಎದುರು ಮನೆಯಲ್ಲಿ ಹಾರ್ಟ್ ಸೋತು ಕಾಲೆಲ್ಲ ಬಾತವರು ಎಂದು ಮನೆ ಮನೆ ಹೇಳುತ್ತಾ ಹೋದರು. ದೊಡ್ಡಮ್ಮ ಮಂಚದಿಂದಲೇ ಇಬ್ಬರು ಮೂವರ ಹೆಸರು ಸೇರಿಸಿದರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇವೆ. ಮುಂದಿನ ಗ್ರಾಮಸಭೆಗೆ ಅತ್ತಿಗೆ, ಆಶಾ ಕಾರ್ಯಕರ್ತೆ, ಪಕ್ಕದ ಮನೆಯ ಅಮ್ಮ ಮೂವರೂ ಹೋಗುತ್ತಾರೆ. ಅವರು ಕೇಳುವುದು ಇಷ್ಟು: ವಾರಕ್ಕೊಮ್ಮೆ ಮನೆಗಳಿಗೆ ಹೋಗಲು ತರಬೇತಿ ಆದ ಒಬ್ಬ ನರ್ಸ್, ಎರವಲು ಕೊಡಲು ಪಂಚಾಯಿತಿಯಲ್ಲಿ ಒಂದೆರಡು ಆಕ್ಸಿಜನ್ ಮಿಷನ್, ಗಾಳಿ ತುಂಬುವ ಹಾಸಿಗೆ, ಕಮೋಡ್ ಕುರ್ಚಿ, ಮತ್ತೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಸಿಗುವಂತೆ ಒಂದು ನಿರ್ಣಯ.